ಲಂಡನ್ನಿನ ಮುಳ್ಳು, ಬೆಂಗಳೂರಿನ ಬಿಸಿಲು

ಬೆಂಗಳೂರು ದಂಡಿನ ಹಳೆಯ ಬಂಗಲೆಯೊಂದರಿಂದ ಬಂದ ಹಿತ್ತಾಳೆಯ ನೆರಳು ಗಡಿಯಾರ ಇದು. ತಟ್ಟೆಯ ಅಡ್ಡಳತೆ 20 ಸೆಂ.ಮೀ., ರೋಮನ್ ಅಂಕಿ, ಕೈಕೆತ್ತನೆ. ಉಜ್ಜುವ ಮೊದಲು ಅಳೆದೆ. ನೆರಳು ಬೀಳಿಸುವ ಮುಳ್ಳಿನ ಓರೆ ಅಂಚು ತಟ್ಟೆಗೆ 51.5 ಡಿಗ್ರಿ. 12ರ ಗೆರೆಗೂ ಮಧ್ಯಾಹ್ನ 3ರ ಗೆರೆಗೂ ನಡುವೆ 38 ಡಿಗ್ರಿ. 51.5ರ ಸೈನ್ 0.78, 38ರ ಟ್ಯಾನ್ ಕೂಡ 0.78. ಇವೆರಡೂ ತಾಳೆಯಾದರೆ ಗಡಿಯಾರವನ್ನು ಲೆಕ್ಕ ಹಾಕಿಯೇ ಮಾಡಿದ್ದಾರೆ ಎಂದರ್ಥ. ಗಂಟೆಯ ಗೆರೆಗಳೆಲ್ಲ ಸಮನಾಗಿ 15 ಡಿಗ್ರಿಗೊಂದರಂತಿದ್ದು ಮುಳ್ಳು ಓರೆಯಾಗಿದ್ದರೆ ಅದು ಗೂಡಿನಲ್ಲಿಡುವ ಅಲಂಕಾರದ ಸಾಮಾನು, ಅಷ್ಟೆ. ಮುಳ್ಳು ದಪ್ಪಗಿದ್ದರೆ ಬೆಳಗಿನ ಗೆರೆಗಳನ್ನು ಅದರ ಪಶ್ಚಿಮದ ಅಂಚಿನಿಂದ, ಮಧ್ಯಾಹ್ನದವನ್ನು ಪೂರ್ವದ ಅಂಚಿನಿಂದ ಅಳೆಯಬೇಕು. 12ರಲ್ಲಿ ಜೋಡಿ ಗೆರೆ ಇರುವುದು ಅದಕ್ಕೇ.

ಮುಳ್ಳಿನ ಓರೆ ಊರಿನ ಅಕ್ಷಾಂಶಕ್ಕೆ ಸಮನಿರಬೇಕು. 51.5 ಲಂಡನ್ನಿನ ಅಕ್ಷಾಂಶ. ಬೆಂಗಳೂರಿನದು 13. ಮುಳ್ಳನ್ನು 13 ಡಿಗ್ರಿಗೆ ಅರೆದುಬಿಡಿ ಎನ್ನುವವರಿದ್ದಾರೆ. ಖಂಡಿತ ಕೂಡದು. ಹಾಗೆ ಮಾಡಿದರೆ ಮೂರು ಗಂಟೆಯ ನೆರಳು 12ರ ಗೆರೆಯಿಂದ 12.7 ಡಿಗ್ರಿಯಲ್ಲಿ ಬೀಳುತ್ತದೆ; ಲಂಡನ್ ತಟ್ಟೆಯಲ್ಲಿ ಅಲ್ಲಿ ಕೆತ್ತಿರುವುದು ಒಂದು ಗಂಟೆ. ಮುಳ್ಳು, ಗೆರೆ ಎರಡನ್ನೂ ಮುಟ್ಟದೆ ಇಡೀ ತಟ್ಟೆಯನ್ನೇ 38.5 ಡಿಗ್ರಿ ಓರೆ ಮಾಡುವುದು ಸರಿಯಾದ ದಾರಿ.

ಓರೆಗೆ ಬೆಣೆ ಬೇಕು. ಅಡಿ 15.65, ಎತ್ತರ 12.45, ಇಳಿಜಾರು 20 ಸೆಂ.ಮೀ. ಮೊದಲು ಪ್ಲೈವುಡ್‌ನಲ್ಲಿ ಮಾಡಿ ನೋಡಿ, ಆಮೇಲೆ ಕಲ್ಲಿನಲ್ಲಿ ಕಡೆಸಿದೆ. ಎತ್ತರದ ಬದಿ ದಕ್ಷಿಣಕ್ಕೆ, ತಟ್ಟೆ ಉತ್ತರಕ್ಕೆ ಇಳಿಯಬೇಕು. ತಿರುವುಮುರುವಾದರೆ ಮುಳ್ಳು 90 ಡಿಗ್ರಿಗೆ ಎದ್ದು ನಿಲ್ಲುತ್ತದೆ. ಮಳೆನೀರು ಕೆಳಅಂಚಿನಲ್ಲಿ ನಿಲ್ಲದಂತೆ ಕಲ್ಲಿನಲ್ಲೊಂದು ಕಾಲುವೆ ಕೊರೆಸಿ. ತಿರುಪುಗಳು ಹಿತ್ತಾಳೆಯವೇ ಇರಲಿ; ಸಿಮೆಂಟಿನಲ್ಲಿ ಹೂತರೆ ಮತ್ತೆ ತಿರುಗಿಸಲಾಗದು.

ಹುಣಸೆಹಣ್ಣು ಬೇಡ. ಅಡುಗೆಮನೆಯ ಚೊಂಬಿಗೆ ಅದು ಒಳ್ಳೆಯದೇ. ಇಲ್ಲಿ ಮಾತ್ರ ಹುಳಿ ಸತುವನ್ನು ತಿಂದು ಕೆಂಪು ಕಲೆ ಬಿಡುತ್ತದೆ, ಉಜ್ಜಿದಂತೆ ಕೆತ್ತನೆಯ ಅಂಚು ಸವೆಯುತ್ತದೆ, ಗೆರೆಯಲ್ಲಿ ತುಂಬಿದ ಕಪ್ಪು ಮೇಣ ಕಿತ್ತುಬರುತ್ತದೆ. ಅಮೋನಿಯಾ ಇರುವ ದ್ರಾವಣ ಇನ್ನೂ ಕೆಟ್ಟದ್ದು, ಬಿಗಿತವಿರುವ ಕಡೆ ಹಿತ್ತಾಳೆ ಬಿರುಕು ಬಿಡುತ್ತದೆ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೌಮ್ಯ ಸೋಪು, ಮೃದು ಬ್ರಷ್, ಹಸಿರು ಕಿಲುಬಿಗೆ ಬಿದಿರಿನ ಕಡ್ಡಿ: ನಾನು ಬಳಸಿದ್ದು ಇಷ್ಟೇ. ಪೂರ್ತಿ ಒಣಗಿಸಿ ತೆಳ್ಳಗೆ ಮೈಕ್ರೋಕ್ರಿಸ್ಟಲೈನ್ ಮೇಣ ಸವರಿದೆ.

ದಿಕ್ಕು ಕೂರಿಸಲು ದಿಕ್ಸೂಚಿ ಸಾಲದು. ಅದು ತೋರುವುದು ಕಾಂತೀಯ ಉತ್ತರ, ಪಕ್ಕದ ಕಬ್ಬಿಣದ ಗೇಟಿಗೂ ಓಲಾಡುತ್ತದೆ. ಹಾಗಾಗಿ ನಡುಹಗಲಿನ ನೆರಳನ್ನೇ ನೆಚ್ಚಿದೆ. ಬೆಂಗಳೂರಿನ ರೇಖಾಂಶ 77.6, ನಮ್ಮ ಕೈಗಡಿಯಾರದ ಸಮಯ (ಭಾರತದ ಪ್ರಮಾಣ ಸಮಯ) 82.5ರದ್ದು. ವ್ಯತ್ಯಾಸ 4.9 ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 20 ನಿಮಿಷ. ದಿನದಿಂದ ದಿನಕ್ಕೆ ಬದಲಾಗುವ ಇನ್ನೊಂದು ತಿದ್ದುಪಡಿ (ಕಾರಣ ಮುಂದಿದೆ) ಡಿಸೆಂಬರ್ 25ರಂದು ಸೊನ್ನೆ. ಆ ದಿನ 12.20ಕ್ಕೆ ನೆರಳು ಜೋಡಿ ಗೆರೆಯ ನಡುವೆ ಕೂರುವಂತೆ ಬೆಣೆ ತಿರುಗಿಸಿ ಬಿಗಿ ಮಾಡಿದೆ. ಈ ಕೆಲಸವನ್ನು ಶೂನ್ಯ ನೆರಳಿನ ದಿನಗಳ, ಅಂದರೆ ಏಪ್ರಿಲ್ 24, ಆಗಸ್ಟ್ 18ರ ಆಸುಪಾಸಿನಲ್ಲಿ ಮಾಡಬೇಡಿ. ಸೂರ್ಯ ನೆತ್ತಿಯ ಮೇಲಿರುವಾಗ ಬೆಣೆಯನ್ನು ಎತ್ತ ತಿರುಗಿಸಿದರೂ ನೆರಳು 12ನ್ನೇ ತೋರಿಸುತ್ತದೆ.

ಅಷ್ಟಾದ ಮೇಲೂ ಕೈಗಡಿಯಾರಕ್ಕೆ ಹೊಂದುತ್ತಿಲ್ಲ ಎನಿಸುತ್ತದೆ. ಫೆಬ್ರವರಿ 11ರ ಸುಮಾರಿಗೆ ಇದು 34 ನಿಮಿಷ ಹಿಂದಿರುತ್ತದೆ, ನವೆಂಬರ್ 3ರ ಸುಮಾರಿಗೆ ಬರೀ 3 ನಿಮಿಷ. ತಪ್ಪು ಗಡಿಯಾರದ್ದಲ್ಲ; ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ.

ಡಿಸೆಂಬರ್ ಕೊನೆಯಲ್ಲಿ ಮಾತ್ರ ಬೆಳಿಗ್ಗೆ ಎಂಟೂವರೆವರೆಗೆ, ಸಂಜೆ ನಾಲ್ಕು ದಾಟಿದ ಮೇಲೆ ತಟ್ಟೆಗೆ ಬಿಸಿಲೇ ಬೀಳುವುದಿಲ್ಲ, ಅಂಗಳದಲ್ಲಿ ಎಷ್ಟೇ ಬಿಸಿಲಿರಲಿ. ಓರೆಯಾದ ತಟ್ಟೆ ಬೆಂಗಳೂರಿನ ನೇರ ಉತ್ತರಕ್ಕೆ, ಲಂಡನ್ನಿನ ಅಕ್ಷಾಂಶದಲ್ಲಿರುವ ನೆಲಕ್ಕೆ ಸಮಾನಾಂತರ. ಆಗ ಅದಕ್ಕೆ ಸಿಗುವುದು ಲಂಡನ್ನಿನ ಚಳಿಗಾಲದ ಹಗಲು.