ಸ್ಕ್ರೀನ್ ಆಫ್ ಆದ್ರೆ ಹೆಜ್ಜೆ ಲೆಕ್ಕ ನಿಲ್ತಿತ್ತು, ಸರಿಯಾಗಿದ್ದು ಹೀಗೆ

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಬೆಳಿಗ್ಗೆ ನಡೆಯುವಾಗ ಆಂಡ್ರಾಯ್ಡ್ ಫೋನ್ ಕಿಸೆಯಲ್ಲಿರುತ್ತದೆ. ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೇ ಹೆಜ್ಜೆ ಎಣಿಕೆ ನಿಂತುಬಿಡುತ್ತಿತ್ತು; ಅರ್ಧ ನಡಿಗೆ ಲೆಕ್ಕಕ್ಕೇ ಇಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿದೆ, ಬೇರೆ ಆ್ಯಪ್ ನೋಡಿದೆ, ಜಿಪಿಎಸ್ ಆನ್ ಇಟ್ಟೆ. ಬ್ಯಾಟರಿ ಇಳಿಯಿತು, ಅಷ್ಟೇ.

ಬ್ಯಾಟರಿ ಉಳಿಸಲು ಫೋನೇ ಹಿನ್ನೆಲೆಯ ಆ್ಯಪನ್ನು ನಿಲ್ಲಿಸುತ್ತಿತ್ತು. ಇದೇ ಕ್ರಮದಲ್ಲಿ ಮಾಡಿ: ಸೆಟ್ಟಿಂಗ್ಸ್, ಆ್ಯಪ್ಸ್, ಅದರಲ್ಲಿ ನಿಮ್ಮ ಆ್ಯಪ್. ಮೊದಲು ಪರ್ಮಿಷನ್ಸ್‌ನಲ್ಲಿ ‘ಫಿಸಿಕಲ್ ಆ್ಯಕ್ಟಿವಿಟಿ’ಗೆ ಅಲೋ ಕೊಡಿ. ಹಿಂದೆ ಬಂದು ಬ್ಯಾಟರಿ ಒತ್ತಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಆಮೇಲೆ ಫೋನ್ ರೀಸ್ಟಾರ್ಟ್ ಮಾಡಿ. ಮುಖ್ಯವಾಗಿ, ರೀಸೆಂಟ್ಸ್ (ಇತ್ತೀಚೆಗೆ ತೆರೆದ ಆ್ಯಪ್‌ಗಳ) ಪಟ್ಟಿಯಿಂದ ಆ ಆ್ಯಪನ್ನು ಸ್ವೈಪ್ ಮಾಡಿ ತೆಗೆಯಬೇಡಿ. ತೆಗೆದರೆ ಕೆಲವು ಫೋನ್‌ಗಳಲ್ಲಿ ಎಣಿಕೆ ಮತ್ತೆ ನಿಲ್ಲುತ್ತದೆ.

ಗುರಿಯನ್ನೂ ದಿನಕ್ಕೆ 10,000 ಹೆಜ್ಜೆ ಬದಲು ವಾರಕ್ಕೆ 150 ನಿಮಿಷ ಚುರುಕು ನಡಿಗೆ ಎಂದಿಟ್ಟೆ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಅದೇ. ಮಳೆಗೆ ಒಂದು ದಿನ ತಪ್ಪಿದರೆ ಉಳಿದ ದಿನಗಳಲ್ಲಿ ತುಂಬಿಕೊಳ್ಳಬಹುದು.