ಪಡಸಾಲೆಗೆ ಫರಸಿ ಕಲ್ಲಿನ ಪುಸ್ತಕ ಕಪಾಟು: ನನ್ನ ಅನುಭವ

ಪಡಸಾಲೆಯಲ್ಲಿ ನೆಲಕ್ಕೆ ಹಾಸುವ ಶಹಾಬಾದ ಫರಸಿ ಕಲ್ಲಿನ ಪುಸ್ತಕ ಕಪಾಟು ಕಟ್ಟಿಸುತ್ತೇನೆ ಅಂದಾಗ ನಮ್ಮ ಅತ್ತಿಯವರು "ಮನಿ ಕಿರಾಣಿ ಅಂಗಡಿ ಕಂಡಂಗ ಕಾಣ್ತದ ನೋಡವಾ" ಅಂದರು. ಬಡಿಗೇರು "ಅಕ್ಕೋರೇ, ಕಲ್ಲು ಅಡಗಿ ಮನಿಗಿ ಛಲೋ, ಹಾಲಿಗಲ್ಲ" ಅಂದರು. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಆದರೆ ಬಂದವರ ಮುಂದೆಲ್ಲ ನಗುತ್ತಿದ್ದರು. ಈಗ ಅದೇ ಬಡಿಗೇರು ತಮ್ಮ ಗಿರಾಕಿಗಳನ್ನು ಕರೆತಂದು ತೋರಿಸುತ್ತಾರೆ. ನಮ್ಮ ಕಲಬುರಗಿಯ ಸೇಡಂ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ಇದರ ನಕಲು ಆಗಲೇ ಎದ್ದಿದೆ. ಅಳತೆ ಕೇಳಿ ಫೋನ್ ಮಾಡುವವರು ಹೆಚ್ಚಾದ್ದರಿಂದ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ.

ನಮ್ಮದು ಇದೇ ಊರಿನ ಬ್ರಹ್ಮಪುರದ ಹಳೇ ಮನೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಒಳಗೆ ಮಣ್ಣಿನ ಗಾರೆ, ಅಲ್ಲಲ್ಲಿ ದೀಪದ ಮಾಡ. ಮೊದಲು ಪ್ಲೈವುಡ್ ಕಪಾಟು ಮಾಡಿಸಿದ್ದೆವು, ಆಗಿನ ಕಾಲಕ್ಕೇ 60 ಸಾವಿರದ ಹತ್ತಿರ ಹೋಯಿತು. ಗೆದ್ದಲು ಹತ್ತುವುದಿಲ್ಲ ಎಂದು ಅಂಗಡಿಯವರು ಬರೆದೇ ಕೊಟ್ಟಿದ್ದರು. ಎರಡನೇ ಬೇಸಿಗೆಗೆ ಅಂಚಿನ ಪಟ್ಟಿ ಬಿಸಿಲಿಗೆ ಎದ್ದು ಬಂತು. ಮೂರನೇ ಮಳೆಗಾಲಕ್ಕೆ ಹಿಂದಿನ ಹಲಗೆಯನ್ನು ಬೆರಳಿಂದ ಒತ್ತಿದರೆ ಬೆರಳೇ ಒಳಗೆ ಹೋಗುತ್ತಿತ್ತು. ಕೆಳಗಿನ ಸಾಲಿನ ಪುಸ್ತಕಗಳಲ್ಲಿ ರಟ್ಟು ಮಾತ್ರ ಉಳಿದು ಒಳಗೆಲ್ಲ ಮಣ್ಣು. ಆಮೇಲೆ ಕಬ್ಬಿಣದ ರ‍್ಯಾಕ್ ತಂದೆವು. ಗಟ್ಟಿ ಇದೆ, ಅಗ್ಗವೂ ಹೌದು. ಆದರೆ ಪಡಸಾಲೆ ತಹಸೀಲ ಕಚೇರಿಯ ರೆಕಾರ್ಡ್ ಕೋಣೆ ಆಗಿಹೋಯಿತು, ಬಂದವರು ಅಲ್ಲಿ ಕೂರಲೇ ಒಲ್ಲರು. ಸಾಗವಾನಿಗೆ ಬಡಿಗೇರು ಹೇಳಿದ ಅಂದಾಜು 1 ಲಕ್ಷ 40 ಸಾವಿರ. ಆ ಮಾತು ಅಲ್ಲಿಗೇ ಬಿಟ್ಟೆವು.

2020ರ ಫೆಬ್ರವರಿಯಲ್ಲಿ ನಮ್ಮೂರಲ್ಲೇ, ವಿಶ್ವವಿದ್ಯಾಲಯದ ಆವರಣದಲ್ಲಿ, 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಮಳಿಗೆಗಳಲ್ಲಿ ರಿಯಾಯಿತಿ ನೋಡಿ ಕೈ ತಡೆಯಲಿಲ್ಲ. ಆಟೋದಲ್ಲಿ ಚೀಲಗಟ್ಟಲೆ ಬಂದವು. ಮುಂದಿನ ತಿಂಗಳೇ ಲಾಕ್‌ಡೌನ್. ಹೊಸ ಪುಸ್ತಕವೆಲ್ಲ ಮಂಚದ ಕೆಳಗೆ. ಕಲ್ಲಿನ ಕಪಾಟಿಗೆ ಕೈ ಹಾಕಿದ್ದು ಆಗ.

ಮೊದಲನೆಯದನ್ನು ಎಲ್ಲರೂ ಕಟ್ಟುವ ಹಾಗೆಯೇ ಕಟ್ಟಿಸಿದೆವು: ನೆಲದ ಮೇಲೆ ನಿಲುವುಗಲ್ಲು, ಅದರ ಮೇಲೆ ಅಡ್ಡಗಲ್ಲು, ಸಂದಿಗೆ ಸಿಮೆಂಟು. ಶ್ರಾವಣದ ತನಕ ನೋಡಲು ಚೆಂದವಿತ್ತು. ಆ ಅಕ್ಟೋಬರಿನ ಮಳೆ ನೆನಪಿರಬೇಕಲ್ಲ, ಭೀಮಾ ಉಕ್ಕಿ ಊರೂರೇ ನೀರಾಗಿತ್ತು. ನಮ್ಮ ಮನೆಗೆ ನೀರು ಬರಲಿಲ್ಲ, ಆದರೆ ನೆಲದಡಿ ಕರೀ ಎರಿ ಮಣ್ಣು. ನೀರು ಕುಡಿದು ಉಬ್ಬಿತು. ನೆಲ ಉಬ್ಬಿದಲ್ಲಿ ನಿಲುವುಗಲ್ಲು ಮೇಲೆದ್ದಿತು, ಗೋಡೆ ಮಾತ್ರ ತನ್ನ ಜಾಗದಲ್ಲೇ ನಿಂತಿತು. ಒಂದು ರಾತ್ರಿ ಪಟಾರ್ ಅಂತ ಸಪ್ಪಳ. ನಡುವಿನ ಅಡ್ಡಗಲ್ಲು ಎರಡು ತುಂಡು. "ನಾ ಹೇಳಿರಲಿಲ್ಲೇನು" ಎಂಬ ಮಾತನ್ನು ದೀಪಾವಳಿಯ ತನಕ ಕೇಳಿಸಿಕೊಂಡೆ.

ಇದಕ್ಕೆ ಉಪಾಯ ಹೊಳೆದದ್ದು ಆಳಂದ ಕಡೆಯ ನನ್ನ ತವರೂರಿನಲ್ಲಿ, ಹೊಲದ ಹಳೇ ಬಾವಿ ನೋಡಿ. ಅದರಲ್ಲಿ ಇಳಿಯಲು ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಅವುಗಳ ಕೆಳಗೆ ಯಾವ ಆಸರೆಯೂ ಇಲ್ಲ. ಕಲ್ಲಿನ ಬಾಲ ಗೋಡೆಯೊಳಗೆ ಹೂತಿದೆ, ಮೇಲಿನ ಗೋಡೆಯ ಭಾರವೇ ಅದನ್ನು ಹಿಡಿದಿದೆ. ಕೊಡ ಹೊತ್ತ ಹೆಂಗಸರು ತಲೆಮಾರುಗಟ್ಟಲೆ ಹತ್ತಿ ಇಳಿದರೂ ಅಲುಗಿಲ್ಲ. ಕಪಾಟು ನೆಲವನ್ನು ಮುಟ್ಟದಿದ್ದರೆ ಎರಿ ಮಣ್ಣು ಏನು ಮಾಡೀತು?

ಗೋಡೆ ಕಟ್ಟುವ ನಮ್ಮ ಗೌಂಡಿ ಚಾಚಾಗೆ ಹೇಳಿದೆ. ಚಾಚಾ ಬೀಡಿ ಆರಿಸಿ, ಗೋಡೆಗೆ ಕಿವಿಯಿಟ್ಟು ಸುತ್ತಿಗೆಯಿಂದ ಕುಟ್ಟಿ ನೋಡಿ, "ಗ್ವಾಡಿ ತಡೀತದ ಅಕ್ಕೋರೇ, ಆದ್ರ ಒಂದೇ ದಿನ ಎಲ್ಲಾ ತೂತು ಹೊಡಿಬಾರ್ದು" ಅಂದರು. ಈ ಮಾತು ಬಲು ಮುಖ್ಯ. ಮಣ್ಣಿನ ಗಾರೆಯ ಗೋಡೆಯಲ್ಲಿ ಒಂದು ತೂತು ಹೊಡೆದು, ಕಲ್ಲು ಕೂರಿಸಿ, ಅದು ಬಿಗಿದ ಮೇಲೇ ಮುಂದಿನದು.

ಗೋಡೆಯ ಉದ್ದ 11 ಅಡಿ. ಐದು ಕಡೆ, ನೆಲದಿಂದ ಒಂದು ಗೇಣು ಮೇಲೆ, 5 ಇಂಚು ದಪ್ಪದ ಕಲ್ಲನ್ನು ಗೋಡೆಯೊಳಗೆ ಒಂದು ಅಡಿ ಹೂತು ಹೊರಗೆ 9 ಇಂಚು ಚಾಚಿಸಿದೆವು. ಅವುಗಳ ಮೇಲೆ ನಿಲುವುಗಲ್ಲು. ಅದೂ 13 ಇಂಚು ಅಗಲ, ನಾಲ್ಕು ಇಂಚು ಗೋಡೆಯೊಳಗೆ. ನಡುವಿನ ಅಂತರ ಎರಡೂಮುಕ್ಕಾಲು ಅಡಿ ದಾಟಬಾರದು. ಒಂದೂಕಾಲು ಇಂಚಿನ ಫರಸಿಗೆ ಮೂರಡಿಯ ಮೇಲೆ ಪುಸ್ತಕದ ಭಾರ ಹೇರುವುದು ಜೂಜು. ಒಂದಡಿ ಉದ್ದಕ್ಕೆ ಒತ್ತಾಗಿ ಜೋಡಿಸಿದ ಪುಸ್ತಕ 9-10 ಕೆಜಿ ತೂಗುತ್ತದೆ. ಅಡ್ಡಗಲ್ಲುಗಳು ನಿಲುವುಗಲ್ಲಿಗೆ ಆರ್‌ಪಾರ್ ಬೋಲ್ಟ್ ಹಾಕಿದ ಆಂಗಲ್ (ಎಲ್ ಆಕಾರದ ಲೋಹದ ಪಟ್ಟಿ) ತುಂಡುಗಳ ಮೇಲೆ ಕೂತಿವೆ. ಆ ಆಂಗಲ್ ಕಾಣದಂತೆ ಹೇಗೆ ಮುಚ್ಚಿದೆವು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಮನೆಗೆ ಬಂದು ನೋಡಿ, ಬರೆಯುವುದಿಲ್ಲ.

ಕಲ್ಲು ಆರಿಸುವಾಗ ಅವಸರ ಬೇಡ. ಶಹಾಬಾದಿಗೆ ನಾನೇ ಹೋಗಿದ್ದೆ. ಪಾಲಿಶ್ ಆದ ಮೇಲೆ ಎಲ್ಲ ಕಲ್ಲೂ ಒಳ್ಳೆಯದೇ ಕಾಣುತ್ತದೆ. ಎರಡು ತುದಿಗೆ ಕಟ್ಟಿಗೆ ಕೊಟ್ಟು ಮಲಗಿಸಿ ನಾಣ್ಯದಿಂದ ತಟ್ಟಬೇಕು. ಠಣ್ ಅಂದರೆ ತಗೊಳ್ಳಿ, ಬದ್ ಅಂದರೆ ಬಿಡಿ. ಆಮೇಲೆ ಒಂದು ಚೊಂಬು ನೀರು ಸುರಿದು ಬಿಸಿಲಿಗೆ ಬಿಡಬೇಕು. ಮೇಲ್ಮೈ ಒಣಗಿದರೂ ಎಳೆ ಬಿರುಕು ಇದ್ದಲ್ಲಿ ನೀರು ಕೂತಿರುತ್ತದೆ, ಕೂದಲೆಳೆಯಷ್ಟು ಕಪ್ಪು ಗೆರೆ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಕಲ್ಲಿನಂಗಡಿಯವರಿಗೆ ಈ ನೀರಿನ ಆಟ ಸೇರಲಿಲ್ಲ, "ಮದುವಿ ಹೆಣ್ಣು ನೋಡ್ಲಾಕ ಬಂದೀರೇನು" ಅಂದರು. ನಾಲ್ಕರಲ್ಲಿ ಒಂದನ್ನಾದರೂ ತಿರಸ್ಕರಿಸಿದೆ.

ಅಳತೆಗೆ ಪುಸ್ತಕವನ್ನೇ ಕೈಯಲ್ಲಿ ಹಿಡಿಯಿರಿ. ಬಡಿಗೇರ ಕೈಗೆ ಬಿಟ್ಟರೆ ಪುಸ್ತಕವಿಡುವ ಎಲ್ಲ ಅರೆಯೂ (ಖಾನೆಯೂ) ಒಂದಡಿ ಎತ್ತರ, ಒಂದಡಿ ಆಳ. ಕನ್ನಡ ಪುಸ್ತಕ ಬಹುಪಾಲು ಡೆಮಿ 1/8 ಇಲ್ಲವೇ ಕ್ರೌನ್ 1/8 ಎಂಬ ಅಳತೆಯವು. ಡೆಮಿ ಎಂಟೂವರೆ ಇಂಚು ಎತ್ತರ, ಅದಕ್ಕೆ ಅರೆಯ ನಡುವೆ 10 ಇಂಚು ಸಾಕು. ಕ್ರೌನ್ ಇನ್ನೂ ಗಿಡ್ಡ, ಅದಕ್ಕೆ ನಡುವೆ ಎಂಟೂವರೆ, ಒಂಬತ್ತು ಇಂಚು ಸಾಕು. ಹೀಗೆ ಲೆಕ್ಕ ಹಾಕಿದರೆ ಅದೇ ಗೋಡೆಯಲ್ಲಿ ಒಂದು ಸಾಲು ಹೆಚ್ಚು ಬರುತ್ತದೆ. ನನಗೆ ಏಳು ಸಾಲು ಬಂದವು. ನಿಘಂಟು, ವಚನ ಸಂಪುಟಗಳಂಥ ದಪ್ಪನೆಯವು ಕೆಳಗೆ.

ಇನ್ನು ಗೆದ್ದಲು. ಕಲ್ಲನ್ನು ಅದು ತಿನ್ನುವುದಿಲ್ಲ, ಕಲ್ಲಿನ ಮೇಲೆ ನಡೆದು ಹೋಗಿ ಪುಸ್ತಕ ತಿನ್ನುತ್ತದೆ. ಆದರೆ ಮಣ್ಣಿನ ದಾರಿ ಕಟ್ಟಿಕೊಂಡೇ ನಡೆಯಬೇಕು, ಬೂದು ಕಲ್ಲಿನ ಮೇಲೆ ಆ ದಾರಿ ಎದ್ದು ಕಾಣುತ್ತದೆ. ಪ್ಲೈವುಡ್ಡಿನಲ್ಲಿ ಅದು ಒಳಗೊಳಗೇ ಹೋಗುತ್ತಿತ್ತು. ಪುಸ್ತಕ ಗೋಡೆಗೆ ತಾಗದ ಹಾಗೆ ಹಿಂದೆ ಎರಡು ಇಂಚು ಬಿಟ್ಟು, ಅಲ್ಲಿ ಕಲ್ಲಿನದೇ ಸಣ್ಣ ಪಟ್ಟಿ ಕೂರಿಸಿದ್ದೇವೆ, ಮಕ್ಕಳು ಎಷ್ಟು ಒತ್ತಿದರೂ ಪುಸ್ತಕ ಹಿಂದೆ ಸರಿಯುವುದಿಲ್ಲ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಆ ಸಂದಿ ನೋಡುತ್ತೇನೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಕಲ್ಲು ಆಗ ಚದರಡಿಗೆ 40-45 ರೂಪಾಯಿ, ಒಡೆದದ್ದು ಬಿಟ್ಟದ್ದು ಸೇರಿ 120 ಚದರಡಿಯಷ್ಟು, ಅಂದರೆ ಐದೂವರೆ ಸಾವಿರದ ಒಳಗೆ. ದಪ್ಪ ಕಲ್ಲು ಹಳೇ ಮನೆ ಕೆಡವಿದಲ್ಲಿ ಪುಕ್ಕಟೆ ಸಿಕ್ಕಿತು, ಹೊರಲು ಮಾತ್ರ ಕೂಲಿ. ಕಟಿಂಗ್, ಅಂಚು ಗುಂಡಗೆ ಮಾಡಿದ್ದಕ್ಕೆ ಎರಡು ಸಾವಿರದ ಮೇಲೆ. ಟೆಂಪೋಗೆ ಒಂದೂವರೆ. ಗೌಂಡಿ ಮತ್ತು ಕೈಯಾಳಿನ ಪಗಾರವೇ ದೊಡ್ಡದು, 11-12 ಸಾವಿರ ಆಯಿತು. ಬೋಲ್ಟು, ಆಂಗಲ್ಲು, ಸುಣ್ಣ, ಎಣ್ಣೆ, ದೀಪ, ಗಾದಿ ಎಲ್ಲ ಕೂಡಿ 36-38 ಸಾವಿರದಲ್ಲಿ ಪಡಸಾಲೆ ಮುಗಿಯಿತು. ಸಾಗವಾನಿನ ಅಂದಾಜಿನ ಪಕ್ಕ ಇದನ್ನಿಟ್ಟು ನಮ್ಮ ಮನೆಯವರಿಗೆ ಆಗಾಗ ಓದಿ ಹೇಳುತ್ತಿರುತ್ತೇನೆ.

ಬರೀ ಕಲ್ಲು ಕಣ್ಣಿಗೆ ತಣ್ಣಗೆ ಕಾಣುತ್ತದೆ ಎಂಬುದು ನಿಜ. ಅದಕ್ಕೆ ಎಣ್ಣೆಯ ಪ್ರಯೋಗ ಸಾಕಷ್ಟು ನಡೆಯಿತು. ಮನೆಯಲ್ಲಿದ್ದ ಕುಸುಬಿ ಎಣ್ಣೆ ಮೊದಲು ಒರೆಸಿದೆ. ಬಣ್ಣ ಬಂತು, ಆದರೆ ಒಣಗಲೇ ಇಲ್ಲ, ಧೂಳು ಹತ್ತಿತು, ಪುಸ್ತಕದ ತಳಕ್ಕೆ ಕಲೆ. ಕೊಬ್ಬರಿ ಎಣ್ಣೆಯೂ ಅಷ್ಟೇ. ಬೇಗ ಒಣಗುವ ಗುಣ ಇರುವುದು ಅಗಸೆ ಎಣ್ಣೆಗೆ. ಬಣ್ಣದಂಗಡಿಯಲ್ಲಿ ಕಾಯಿಸಿದ್ದೇ ಸಿಗುತ್ತದೆ. ತೆಳ್ಳಗೆ ಒರೆಸಿ, ಅರ್ಧ ತಾಸಿಗೆ ಉಳಿದದ್ದನ್ನು ಒಣ ಬಟ್ಟೆಯಿಂದ ತೆಗೆದು, ಎರಡು ವಾರ ಪುಸ್ತಕ ಇಡದೇ ಬಿಡಿ. ಕಲ್ಲು ಕಡುನೀಲಿಗೆ ತಿರುಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಅಂಗಳದಲ್ಲಿ ಒಣಹಾಕಿ.

ಹಿಂದಿನ ಗೋಡೆಗೆ ಪೇಂಟ್ ಬೇಡವೆಂದು ಸುಣ್ಣ ಬಳಿಸಿದೆ, ಮಣ್ಣಿನ ಗಾರೆಯ ಗೋಡೆ ಉಸಿರಾಡಬೇಕು. ಸುಣ್ಣ ಕೈಗೆ ಹತ್ತುತ್ತದಲ್ಲ ಅನ್ನುತ್ತೀರಿ. ಹಾಗೆ ಹತ್ತದಿರಲು ಜಾಲಿ ಅಂಟು ಬೆರೆಸುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅದರ ಜತೆ ಚಾಚಾ ಇನ್ನೊಂದು ವಸ್ತು ಹಾಕಿದರು. ಅದು ಅವರ ಅನ್ನದ ಗುಟ್ಟು, ನನ್ನ ಬಾಯಿಂದ ಬರುವುದಿಲ್ಲ.

ಕಲಬುರಗಿಯಲ್ಲಿ ಪುಸ್ತಕಕ್ಕೆ ಬಿಸಿಲಿಗಿಂತ ದೊಡ್ಡ ವೈರಿ ಕೂಲರು. ಏಪ್ರಿಲ್, ಮೇದಲ್ಲಿ 42-43 ಡಿಗ್ರಿ, ಕೂಲರ್ ಇಲ್ಲದೆ ಆಗುವುದಿಲ್ಲ. ಅದರ ಗಾಳಿ ನೇರ ಕಪಾಟಿಗೆ ಬಡಿದರೆ ಹಾಳೆ ಅಲೆ ಅಲೆಯಾಗುತ್ತವೆ, ಬೆಳ್ಳಿ ಹುಳ ಬರುತ್ತವೆ. ಕೂಲರನ್ನು ಕಪಾಟಿರುವ ಗೋಡೆಯ ಕಿಟಕಿಗೇ ಹಾಕಿಸಿ, ಎದುರಿನ ಕಿಟಕಿ ತೆರೆದಿಟ್ಟೆ. ಕಿಟಕಿ ಮುಚ್ಚಿ ಕೂಲರ್ ಓಡಿಸುವವರ ಮನೆಯಲ್ಲಿ ಪುಸ್ತಕವೂ ಉಳಿಯುವುದಿಲ್ಲ, ತಂಪೂ ಆಗುವುದಿಲ್ಲ. ಹುಳಕ್ಕೆ ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟು ನೋಡಿದೆ, ವಾಸನೆ ಚೆಂದ, ಹುಳ ಕ್ಯಾರೇ ಅನ್ನಲಿಲ್ಲ. ಬೇವಿನ ಎಲೆ ಒಣಗಿ ಪುಡಿಯಾಗಿ ಗುಡಿಸುವ ಕೆಲಸ ಹೆಚ್ಚಾಯಿತು. ಹುಳಕ್ಕೆ ಬೇಕಾದ್ದು ಬೈಂಡಿನ ಮೈದಾ ಅಂಟು. ಹಳೇ ಪುಸ್ತಕ ಬೈಂಡಿಗೆ ಕೊಡುವಾಗ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಲು ಹೇಳಿ, ಅದರ ಮುಂದೆ ಉಳಿದದ್ದೆಲ್ಲ ಶೃಂಗಾರ.

ಕೂರುವ ಜಾಗಕ್ಕೆ ಸೋಫಾ ತರಲಿಲ್ಲ. ಗಾದಿ, ಎರಡು ಲೋಡು, ಮೇಲೆ ಕೌದಿ. ನೂಲಿನ ಹಳೇ ಸೀರೆ ನಾವೇ ಕೊಟ್ಟೆವು, ಓಣಿಯ ಅಜ್ಜಿಯೊಬ್ಬರು ತಿಂಗಳು ಹಿಡಿದು ಹೊಲಿದು ಎರಡು ಸಾವಿರ ಚಿಲ್ಲರೆ ತಗೊಂಡರು. ಪಾಲಿಯೆಸ್ಟರ್ ಸೀರೆ ಒಂದೂ ಸೇರಿಸಬೇಡಿ, ಬೇಸಿಗೆಯಲ್ಲಿ ಬೆನ್ನು ಬೇಯುತ್ತದೆ. ಟ್ಯೂಬ್‌ಲೈಟ್ ಕಿತ್ತು ದೀಪದ ಮಾಡಗಳಲ್ಲಿ 3 ವ್ಯಾಟಿನ ಹಳದಿ ಬಲ್ಬು ಹಾಕಿದ ದಿನ ಅತ್ತಿಯವರು ಮೊದಲ ಸಲ "ಈಗ ಮನಿ ಅನ್ನಸ್ತದ" ಅಂದರು. ನಡುವಿನ ಅರೆಯಲ್ಲಿ ಬೀದರಿನಿಂದ ತಂದ ಬಿದರಿ ಹೂದಾನಿ ಒಂದೇ. ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ, ನೀಲಿ ಕಲ್ಲಿನ ಮೇಲೆ ಕೂರುವ ಅಂದವೇ ಬೇರೆ. ಆ ಕಪ್ಪು ಬರುವುದು ಬೀದರ ಕೋಟೆಯ ಮಣ್ಣಿನಿಂದ ಅಂತಾರೆ ಕುಶಲಕರ್ಮಿಗಳು. ಮಾಸಿದರೆ ಒಂದು ಹನಿ ಎಣ್ಣೆ ಸಾಕು, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕೆಟ್ಟಿತು. ಫರಸಿಗೂ ಹುಳಿ ಆಗದು, ಅದು ಸುಣ್ಣದ ಕಲ್ಲು. ನಿಂಬೆ ಹಿಂಡಿದ ಅವಲಕ್ಕಿ ತಟ್ಟೆಯನ್ನು ಬಂದವರು ಅರೆಯ ಮೇಲಿಟ್ಟು ಹೋದಲ್ಲಿ ಬಿಳಿ ಉಂಗುರ ಈಗಲೂ ಇದೆ. ಆಸಿಡ್ ಹಾಕಿ ತೊಳೆಯುವವರ ಕೈಗಂತೂ ಇದನ್ನು ಕೊಡಲೇಬೇಡಿ.

ಎರಡನೇ ಸಲ ಕಟ್ಟಿದ ಮೇಲೆ ನಾಲ್ಕೈದು ಮಳೆಗಾಲ ಕಳೆದವು. ನೆಲ ಇಂದಿಗೂ ಉಬ್ಬುತ್ತದೆ, ಇಳಿಯುತ್ತದೆ. ಕಪಾಟಿನಲ್ಲಿ ಒಂದು ಸಂದಿಯೂ ಬಿಟ್ಟಿಲ್ಲ.

ಅಪಾರ್ಟ್‌ಮೆಂಟಿನವರು, ಮೇಲಂತಸ್ತಿನವರು ಕೇಳುತ್ತಿದ್ದಾರೆ. ಕಲ್ಲು, ಪುಸ್ತಕ ಕೂಡಿ ಈ ಗೋಡೆ ಹೊತ್ತದ್ದು ಹೆಚ್ಚುಕಡಿಮೆ 1,300 ಕೆಜಿ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗೆ ಇದು ಆಗುವ ಮಾತಲ್ಲ. ಒಂಬತ್ತು ಇಂಚಿನದಾದರೂ ಇಂಜಿನಿಯರಿಗೆ ತೋರಿಸದೆ ಉಳಿ ಹಚ್ಚಬೇಡಿ. ಚಾಚಾ ಬೇಕೆನ್ನುವವರು ಶರಣಬಸವೇಶ್ವರ ಜಾತ್ರೆ ಮುಗಿಯುವ ತನಕ ಕಾಯಬೇಕು, ಅಲ್ಲಿಯವರೆಗೆ ಅವರ ಕೈ ಖಾಲಿಯಿಲ್ಲ.