ಬ್ಲ್ಯಾಕ್ ಮೆಟಲ್ ಬ್ಯಾಂಡಿನ ಶೈಲಿ ಎಲ್ಲಿ, ಯಾಕೆ ಬದಲಾಯಿತು: ಕೇಳಿ ಕಂಡುಹಿಡಿಯುವ ಬಗೆ

ಒಂದು ಬ್ಯಾಂಡ್ ಪೂರ್ತಿ ಬದಲಾಗಿಬಿಟ್ಟಿದೆ ಎನ್ನುವವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರುವುದು ಬದಲಾದ ಸ್ಟುಡಿಯೊ. ಗಿಟಾರ್ ದಪ್ಪಗಾಯಿತು, ಡ್ರಮ್ಸ್ ಬಿಡಿಬಿಡಿಯಾಗಿ ಕೇಳಿಸಿತು, ಅಷ್ಟಕ್ಕೇ ಶೈಲಿ ಬದಲಾಯಿತೆಂಬ ತೀರ್ಪು. ಬ್ಲ್ಯಾಕ್ ಮೆಟಲ್‌ನಲ್ಲಿ (ಹೆವಿ ಮೆಟಲ್ ಸಂಗೀತದ ಒರಟು, ಕಿರುಚುವ ಕವಲು) ಈ ಗೊಂದಲ ಜಾಸ್ತಿ, ಯಾಕೆಂದರೆ ರೆಕಾರ್ಡಿಂಗಿನ ಒರಟುತನವೂ ಇಲ್ಲಿ ಶೈಲಿಯ ಭಾಗವೇ. ಅದಕ್ಕೇ ಆಲ್ಬಂಗಳನ್ನು ಸಾಲಾಗಿ ಕೇಳುವಾಗ ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ: ನುಡಿಸುವ ರೀತಿ, ರೆಕಾರ್ಡ್ ಮಾಡಿದ ರೀತಿ, ನುಡಿಸುತ್ತಿರುವ ಜನ.

ಮೊದಲ ಅಭ್ಯಾಸಕ್ಕೆ ಸ್ವೀಡನ್ನಿನ ಬಾಥರಿಗಿಂತ ಒಳ್ಳೆಯ ಬ್ಯಾಂಡ್ ಇಲ್ಲ. 1984, 1985, 1987, 1988 ಮತ್ತು 1990ರಲ್ಲಿ ಬಂದ ಮೊದಲ ಐದು ಆಲ್ಬಂಗಳು ಸಾಕು. ಹಾಡು, ಗಿಟಾರ್, ರಚನೆ ಎಲ್ಲದರಲ್ಲೂ ಕ್ವಾರ್ಥಾನ್ ಒಬ್ಬನೇ ಕೇಂದ್ರ. ನಿರ್ಮಾಪಕರೂ ಬಾಸ್ ಫೋರ್ಸ್‌ಬರ್ಗ್ ಅವರೇ. ಹೊಸ ಗಿಟಾರ್ ವಾದಕ ಬಂದ, ಅದಕ್ಕೇ ಹೀಗಾಯಿತು ಎಂಬ ಸುಲಭದ ಉತ್ತರ ಇಲ್ಲಿ ಸಿಗುವುದಿಲ್ಲ. ಮೊದಲ ಆಲ್ಬಂನ ಓಡುವ, ಕಿರುಚುವ ಸಂಗೀತ 1990ರ 'ಹ್ಯಾಮರ್‌ಹಾರ್ಟ್' ಹೊತ್ತಿಗೆ ನಿಧಾನದ, ಕೋರಸ್ ತುಂಬಿದ, ದೀರ್ಘ ಹಾಡುಗಳಾಗುವುದನ್ನು ನೇರವಾಗಿ ಗಮನಿಸಬಹುದು. ಎರಡೂ ಬಗೆ ಒಂದರ ಪಕ್ಕ ಒಂದು ಕೂತಿರುವುದು 1988ರ 'ಬ್ಲಡ್ ಫೈರ್ ಡೆತ್'ನಲ್ಲಿ. ಇಂಥ ನಡುವಿನ ಆಲ್ಬಂ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಪಟ್ಟಿ ಮಾಡುವಾಗ

ಆಲ್ಬಂಗಳನ್ನು ಬಿಡುಗಡೆಯಾದ ವರ್ಷದ ಬದಲು ರೆಕಾರ್ಡ್ ಆದ ವರ್ಷದ ಕ್ರಮದಲ್ಲಿ ಬರೆದುಕೊಳ್ಳಿ. ಈ ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ನಾರ್ವೆಯ ಡಾರ್ಕ್‌ಥ್ರೋನ್‌ನ 'ಗೋಟ್‌ಲಾರ್ಡ್' ಹೊರಬಂದದ್ದು 1996ರಲ್ಲಿ. ಬಿಡುಗಡೆಯ ಕ್ರಮದಲ್ಲಿ ಕೇಳಿದವರಿಗೆ, ನಾಲ್ಕೈದು ವರ್ಷ ಬ್ಲ್ಯಾಕ್ ಮೆಟಲ್ ನುಡಿಸಿದ ಬ್ಯಾಂಡ್ ಇದ್ದಕ್ಕಿದ್ದಂತೆ ಡೆತ್ ಮೆಟಲ್‌ಗೆ (ಗೊಗ್ಗರು ದನಿಯ, ಭಾರವಾದ ಇನ್ನೊಂದು ಕವಲು) ಹಿಂದಿರುಗಿದಂತೆ ಅನ್ನಿಸುತ್ತದೆ. ಅದರ ವಾದ್ಯಗಳೆಲ್ಲ 1991ರ ಸುಮಾರಿನ ರಿಹರ್ಸಲ್‌ನವು. ಗಾಯನವನ್ನು ಆಮೇಲೆ ಸೇರಿಸಿದ್ದು. ಅದನ್ನು 1991ರ 'ಸೋಲ್‌ಸೈಡ್ ಜರ್ನಿ' ಮತ್ತು 1992ರ 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ' ನಡುವೆ ಇಟ್ಟು ಕೇಳಿ, ಎಲ್ಲ ಹೊಂದಿಕೊಳ್ಳುತ್ತದೆ. 'ಎ ಬ್ಲೇಜ್'ನೊಳಗೆ ಅಲ್ಲಲ್ಲಿ ಉಳಿದಿರುವ ಡೆತ್ ಮೆಟಲ್ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಎಲ್ಲಿಂದ ಬಂದವು ಎಂಬುದೂ ಆಗ ತಿಳಿಯುತ್ತದೆ.

ಹಾಡು ಹುಟ್ಟಿದ ಕಾಲ ಗೊತ್ತಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ನಾರ್ವೆಯದೇ ಬ್ಯಾಂಡ್ ಮೇಹೆಮ್‌ನ 'ಡೆ ಮಿಸ್ಟೀರಿಸ್ ಡಾಮ್ ಸಾಥನಾಸ್' ಬಂದದ್ದು 1994ರಲ್ಲಿ, ಗಿಟಾರ್ ವಾದಕ ಯೂರೊನಿಮಸ್ ಕೊಲೆಯಾದ ಮರುವರ್ಷ. ಆದರೆ ಅದರಲ್ಲಿನ 'ಫ್ರೀಜಿಂಗ್ ಮೂನ್' ಹಾಡನ್ನು ಬ್ಯಾಂಡ್ 1990ರಲ್ಲೇ ವೇದಿಕೆಯಲ್ಲಿ ನುಡಿಸುತ್ತಿತ್ತು.

ಯಾವ ಹಾಡು, ಹೇಗೆ ಕೇಳುವುದು

ಪ್ರತಿ ಆಲ್ಬಂನಿಂದ ಮೂರು ಹಾಡು ಆರಿಸಿ: ಮೊದಲ ಪೂರ್ಣ ಹಾಡು, ಅತಿ ದೀರ್ಘವಾದದ್ದು, ಕೊನೆಯದು. ಗಾಳಿ, ಗಂಟೆ, ಕೀಬೋರ್ಡ್ ಸದ್ದಿನ ಇಂಟ್ರೊಗಳನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ. ಕಾಂಪಿಲೇಶನ್‌ಗಳನ್ನೂ ಬಿಟ್ಟುಬಿಡಿ.

ಹೆಡ್‌ಫೋನ್ ಬೇಕೇ ಬೇಕು. ಫೋನಿನ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಮತ್ತು ಬೇಸ್ ಡ್ರಮ್ ಬಹುಮಟ್ಟಿಗೆ ಮಾಯವಾಗಿ ಎಲ್ಲ ಆಲ್ಬಂಗಳೂ ಒಂದೇ ಥರ ಸೊಂಯ್‌ಗುಡುತ್ತವೆ. ಈಕ್ವಲೈಜರ್ ಆಫ್ ಮಾಡಿ. ಆ್ಯಪ್‌ನಲ್ಲಿ ಹಾಡುಗಳ ಸದ್ದನ್ನು ಸಮ ಮಾಡುವ ಸೆಟ್ಟಿಂಗ್ ಇದ್ದರೆ ಆನ್ ಇರಲಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ, ಭಾರವಾಗಿದೆ ಅನ್ನಿಸುತ್ತದೆ. ರಿಮಾಸ್ಟರ್ ಆದ, ಅಂದರೆ ಹಳೆಯ ರೆಕಾರ್ಡಿಂಗಿನ ಸದ್ದನ್ನು ಮತ್ತೆ ಹದಗೊಳಿಸಿದ, ಪ್ರತಿಗಳ ಬಗ್ಗೆ ಎಚ್ಚರ. ಹಳೆಯ ಆಲ್ಬಂನ ಹೊಸ ರಿಮಾಸ್ಟರ್ ಸಾಮಾನ್ಯವಾಗಿ ಮೂಲಕ್ಕಿಂತ ಜೋರು. ಅದನ್ನು ಮುಂದಿನ ಆಲ್ಬಂನ ಮೂಲ ಪ್ರತಿಯ ಪಕ್ಕ ಇಟ್ಟರೆ ಬ್ಯಾಂಡ್ ಹಿಂದಕ್ಕೆ ಹೋದಂತೆ ಕೇಳಿಸುತ್ತದೆ. ಎಲ್ಲವೂ ಮೂಲವಾಗಿರಲಿ, ಇಲ್ಲವೇ ಎಲ್ಲವೂ ರಿಮಾಸ್ಟರ್ ಆಗಿರಲಿ. ಒಂದು ಸಲಕ್ಕೆ ಎರಡು ಆಲ್ಬಂಗಿಂತ ಹೆಚ್ಚು ಬೇಡ. ಗಿಟಾರಿನ ತೀಕ್ಷ್ಣ ಸದ್ದಿಗೆ ಕಿವಿ ಬೇಗ ದಣಿಯುತ್ತದೆ, ದಣಿದ ಕಿವಿಗೆ ರಿಫ್‌ಗಳ ವ್ಯತ್ಯಾಸ ಹತ್ತುವುದಿಲ್ಲ.

ಬರೆದುಕೊಳ್ಳಬೇಕಾದದ್ದು

ಎಲ್ಲಕ್ಕಿಂತ ಮುಖ್ಯ ರಿಫ್. ಒಂದು ತಂತಿಯಲ್ಲಿ ಪಿಕ್ಕನ್ನು ಬಿಡದೆ ಮೇಲೆ ಕೆಳಗೆ ಆಡಿಸುವ ಟ್ರೆಮೊಲೊ ಪಿಕಿಂಗ್ ಇದೆಯೋ, ಎರಡೇ ಸ್ವರ ಒಟ್ಟಿಗೆ ಮೊಳಗುವ ಪವರ್ ಕಾರ್ಡ್‌ಗಳೋ, ಡಿಸ್ಟಾರ್ಶನ್ (ಸದ್ದನ್ನು ಒರಟು ಮಾಡುವ ಪರಿಣಾಮ) ಹಾಕಿದ, ಮೂರು ಸ್ವರದ ಪೂರ್ಣ ಮೈನರ್ ಕಾರ್ಡ್‌ಗಳೋ ನೋಡಿ. ಆಮೇಲೆ ಪಾಮ್ ಮ್ಯೂಟ್ ಹುಡುಕಿ: ಬಲಗೈ ಅಂಗೈಯ ಅಂಚನ್ನು ತಂತಿಗೆ ಒತ್ತಿ ಹೊಡೆದಾಗ ಬರುವ ಗಟ್ಟಿ, ಕಡಿದಂಥ ಸದ್ದು. 1990ರ ದಶಕದ ಆರಂಭದ ನಾರ್ವೆ ಬ್ಯಾಂಡ್‌ಗಳು ತಂತಿಗಳನ್ನು ಮುಕ್ತವಾಗಿ ಮೊಳಗಲು ಬಿಟ್ಟು ಇದನ್ನು ಬಹುಮಟ್ಟಿಗೆ ದೂರ ಇಟ್ಟಿದ್ದವು. ಯಾವ ಆಲ್ಬಂನಲ್ಲಿ ಪಾಮ್ ಮ್ಯೂಟ್ ಜಾಸ್ತಿಯಾಗುತ್ತದೋ ಅಲ್ಲಿ ಥ್ರ್ಯಾಶ್ (ವೇಗದ, ಕಡಿದಂಥ ರಿಫ್‌ಗಳ ಮೆಟಲ್) ಅಥವಾ ಡೆತ್ ಮೆಟಲ್ ಒಳಗೆ ಬರುತ್ತಿದೆ. ರೆಕಾರ್ಡಿಂಗ್ ಎಷ್ಟೇ ಕೆಟ್ಟದಾಗಿರಲಿ ಈ ಗುರುತು ಅಳಿಸುವುದಿಲ್ಲ, ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ಒಂದು ರಿಫ್ ಬದಲಾಗುವ ಮುನ್ನ ಎಷ್ಟು ಸಲ ಬರುತ್ತದೆ ಎಂಬುದನ್ನೂ ಎಣಿಸಿ. ನಾಲ್ಕು ಸಲ ಬರುತ್ತಿದ್ದದ್ದು ಹದಿನಾರು ಸಲ ಬರತೊಡಗಿದರೆ ಹಾಡು ಕಟ್ಟುವ ಯೋಚನೆಯೇ ಬದಲಾಗಿದೆ ಎಂದರ್ಥ.

ಡ್ರಮ್ಸ್‌ನಲ್ಲಿ ಬ್ಲಾಸ್ಟ್ ಬೀಟ್ (ಸ್ನೇರ್ ಮತ್ತು ಬೇಸ್ ಡ್ರಮ್ಮನ್ನು ಬಿಡುವಿಲ್ಲದೆ ಅತಿ ವೇಗವಾಗಿ ಬಾರಿಸುವುದು) ಎಷ್ಟು ಹೊತ್ತು, ನಡುವೇಗದ ರಾಕ್ ಬೀಟ್ ಎಷ್ಟು ಹೊತ್ತು ಎಂದು ಸೆಕೆಂಡ್ ಲೆಕ್ಕದಲ್ಲಿ ಬರೆಯಿರಿ. ವೇಗ ಅಳೆಯಲು ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, 20 ಸೆಕೆಂಡಿನಲ್ಲಿ ಬೀಳುವ ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಪೆಟ್ಟುಗಳನ್ನು ಎಣಿಸಿ, 6ರಿಂದ ಗುಣಿಸಿ. ಮೂಲ ವೇಗದಲ್ಲಿ ನಿಮಿಷಕ್ಕೆ ಬೀಳುವ ಪೆಟ್ಟು ಸಿಗುತ್ತದೆ. ಇದನ್ನು ಪೆಟ್ಟಿನ ಲೆಕ್ಕದಲ್ಲೇ ಇಡಿ, ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳ) ಎಂದು ಬರೆಯಲು ಹೋಗಬೇಡಿ. ಒಂದೇ ಬ್ಲಾಸ್ಟನ್ನು ಒಬ್ಬರು 180 ಎನ್ನುತ್ತಾರೆ, ಇನ್ನೊಬ್ಬರು 360 ಎನ್ನುತ್ತಾರೆ. ಎರಡನ್ನೂ ಬೆರೆಸಿದರೆ ಬ್ಯಾಂಡ್ ದುಪ್ಪಟ್ಟು ವೇಗವಾಯಿತೆಂಬ ಸುಳ್ಳು ಲೆಕ್ಕ ಹುಟ್ಟುತ್ತದೆ.

ಗಾಯನದಲ್ಲಿ ಕಿರುಚು, ಗೊಗ್ಗರು, ಶುದ್ಧ ಸ್ವರ, ಮಾತು ಇವಿಷ್ಟನ್ನು ಗುರುತಿಸಿದರೆ ಸಾಕು. ಬೇಸ್ ಗಿಟಾರ್ ಕೇಳಿಸುತ್ತದೆಯೇ, ಕೀಬೋರ್ಡ್ ಹಿನ್ನೆಲೆಯಲ್ಲಿದೆಯೋ ರಾಗವನ್ನು ಹೊತ್ತಿದೆಯೋ, ಹಾಡುಗಳ ಉದ್ದ ಎಷ್ಟು ಎಂಬುದನ್ನೂ ಸೇರಿಸಿ. ಕೊನೆಗೆ ಪ್ರತಿ ಆಲ್ಬಂನ ಮುಂದೆ ಸದಸ್ಯರು, ಸ್ಟುಡಿಯೊ, ನಿರ್ಮಾಪಕರ ಹೆಸರು.

ಕಾರಣ ಬಿಡಿಸುವುದು

ಕಷ್ಟದ ಕೆಲಸ ಇದೇ. ನಾರ್ವೆಯ ಇಮ್ಮಾರ್ಟಲ್ ಬ್ಯಾಂಡನ್ನು ತೆಗೆದುಕೊಳ್ಳಿ. 1995ರ 'ಬ್ಯಾಟಲ್ಸ್ ಇನ್ ದ ನಾರ್ತ್'ನಲ್ಲಿ 10 ಹಾಡು, ಬಹುತೇಕ ಬಿರುಗಾಳಿಯಂತೆ ಓಡುವಂಥವು. 1999ರ 'ಅಟ್ ದ ಹಾರ್ಟ್ ಆಫ್ ವಿಂಟರ್'ನಲ್ಲಿ ಬರೀ 6 ಹಾಡು. ಉದ್ದವಾದವು, ಹೆವಿ ಮೆಟಲ್‌ನಂತೆ ಎದ್ದು ಇಳಿಯುವ ರಿಫ್‌ಗಳು, ನಡುವೆ ಉಸಿರಾಡಲು ಜಾಗ. ಈ ಅವಧಿಯಲ್ಲಿ ಬದಲಾದವುಗಳಲ್ಲಿ ಎರಡು ಸಂಗತಿ ಮುಖ್ಯ. ಗಿಟಾರ್ ವಾದಕ ಡೆಮೊನಾಜ್ ಸ್ನಾಯುರಜ್ಜುವಿನ ಊತದಿಂದ ನುಡಿಸಲಾಗದೆ ಸಾಹಿತ್ಯಕ್ಕೆ ಸೀಮಿತನಾದ, ಗಿಟಾರ್ ಅಬಾತ್ ಕೈಗೆ ಬಂತು. ಸ್ಟುಡಿಯೊ ಕೂಡ ಸ್ವೀಡನ್ನಿನಲ್ಲಿರುವ ಪೀಟರ್ ಟ್ಯಾಗ್ಟ್‌ಗ್ರೆನ್‌ರ ಅಬಿಸ್ ಆಯಿತು. ಯಾವುದರ ಪಾಲು ಎಷ್ಟು? ಈ ಎರಡೂ ಹಾಗೇ ಉಳಿದಿರುವ ಇನ್ನೊಂದು ಆಲ್ಬಂ ಹುಡುಕಿ. 2000ದ 'ಡ್ಯಾಮ್ಡ್ ಇನ್ ಬ್ಲ್ಯಾಕ್' ಅದೇ ಅಬಿಸ್‌ನಲ್ಲಿ, ಅಬಾತ್ ಗಿಟಾರಿನಲ್ಲೇ ಆದದ್ದು. ಆದರೂ ಅದು ಮೊನಚು, ಹೆಚ್ಚು ಥ್ರ್ಯಾಶ್. ಅಂದರೆ 1999ರ ವಿಸ್ತಾರವಾದ ರಚನೆಯನ್ನು ಸ್ಟುಡಿಯೊದ ಲೆಕ್ಕಕ್ಕೆ ಬರೆಯಲಾಗದು. ಬರೀ ಗಿಟಾರಿಗನ ಬದಲಾವಣೆಯ ಲೆಕ್ಕಕ್ಕೂ ಅಲ್ಲ. ಆ ಆಲ್ಬಂಗೆಂದು ಬ್ಯಾಂಡ್ ಮಾಡಿಕೊಂಡ ಆಯ್ಕೆಯ ಪಾಲು ದೊಡ್ಡದು. ಅಬಿಸ್ ಕೊಟ್ಟದ್ದು ಸದ್ದಿನ ಸ್ಪಷ್ಟತೆ.

ಸ್ಟುಡಿಯೊದ ಪಾಲನ್ನು ಅಡ್ಡಡ್ಡವಾಗಿಯೂ ಅಳೆಯಬಹುದು. ನಾರ್ವೆಯ ಬರ್ಗೆನ್ನಿನ ಗ್ರೀಗ್‌ಹಾಲೆನ್ ಸ್ಟುಡಿಯೊದಲ್ಲಿ ನಿರ್ಮಾಪಕ ಪಿಟ್ಟೆನ್ ಕೈಕೆಳಗೆ ರೆಕಾರ್ಡ್ ಆದ ಮೇಹೆಮ್‌ನ 1994ರ ಆಲ್ಬಂ, ಎಂಪರರ್‌ನ 'ಇನ್ ದ ನೈಟ್‌ಸೈಡ್ ಎಕ್ಲಿಪ್ಸ್', ಇಮ್ಮಾರ್ಟಲ್‌ನ 'ಪ್ಯೂರ್ ಹೋಲೊಕಾಸ್ಟ್' ಮೂರನ್ನೂ ಒಟ್ಟಿಗೆ ಕೇಳಿ. ಮೂರರಲ್ಲೂ ಸಾಮಾನ್ಯವಾಗಿರುವುದು ಸ್ಟುಡಿಯೊ ಮತ್ತು ಪಿಟ್ಟೆನ್‌ಗೆ ಸೇರಿದ್ದು. ಬೇರೆ ಇರುವುದು ಆಯಾ ಬ್ಯಾಂಡಿನದು.

ಹಾಡು ಒಂದೇ, ಜನ ಬೇರೆ ಎಂಬ ಪರೀಕ್ಷೆಗೆ ಮತ್ತೆ 'ಫ್ರೀಜಿಂಗ್ ಮೂನ್'. 1990ರ ನವೆಂಬರ್‌ನಲ್ಲಿ ರೆಕಾರ್ಡ್ ಆದ 'ಲೈವ್ ಇನ್ ಲೈಪ್‌ಜಿಗ್'ನಲ್ಲಿ ಡೆಡ್ ಎಂಬ ಹೆಸರಿನ ಗಾಯಕ ಹಾಡಿದ್ದಾನೆ, 1994ರ ಆಲ್ಬಂನಲ್ಲಿ ಅಟಿಲಾ ಚಿಹಾರ್. ಡೆಡ್‌ನದು ಹರಿದುಬರುವ ಕಿರುಚು. ಅಟಿಲಾ ಗಂಟಲನ್ನು ಹಿಂಡಿ, ಪ್ರತಿ ಪದವನ್ನೂ ಎಳೆದು, ಮಂತ್ರ ಗೊಣಗುವಂತೆ ಹಾಡುತ್ತಾನೆ. ರಿಫ್ ಅದೇ ಇದ್ದೂ ಹಾಡಿನ ಭಯದ ಬಗೆಯೇ ಬೇರೆ. ಗಾಯಕ ಬದಲಾದರೆ ಎಷ್ಟು ಬದಲಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಜೋಡಿ ಬಹಳ ಕಡಿಮೆ.

ಹೊಸ ಸದಸ್ಯನಿಗೆ ಎಲ್ಲ ಶ್ರೇಯಸ್ಸು ಕೊಡುವ ಮುನ್ನ ಹಿಂದಿನ ಆಲ್ಬಂಗೆ ಹೋಗಿಬನ್ನಿ. ನಾರ್ವೆಯ ಎನ್‌ಸ್ಲೇವ್ಡ್ ಬ್ಯಾಂಡಿನ ಶುದ್ಧ ಸ್ವರ ಮತ್ತು ಕೀಬೋರ್ಡ್ ಎಂದರೆ 2004ರ 'ಈಸಾ' ಮತ್ತು ಆಗ ಹೊಸದಾಗಿ ಬಂದ ಕೀಬೋರ್ಡ್ ವಾದಕ, ಗಾಯಕ ಹೆರ್‌ಬ್ರಾಂಡ್ ಲಾರ್ಸೆನ್ ನೆನಪಾಗುತ್ತಾರೆ. ಆದರೆ 2003ರ 'ಬಿಲೋ ದ ಲೈಟ್ಸ್'ನಲ್ಲೇ ಆ ಪ್ರೊಗ್ರೆಸ್ಸಿವ್ (ಸಂಕೀರ್ಣ, ಪ್ರಯೋಗಶೀಲ ರಚನೆಯ) ಒಲವು ನಿಚ್ಚಳವಾಗಿದೆ. ಬ್ಯಾಂಡ್ ಆ ಕಡೆ ಹೊರಟಿತ್ತು, ತಕ್ಕ ಜನ ಬಂದು ಸೇರಿದರು. ಡಾರ್ಕ್‌ಥ್ರೋನ್‌ನ ಪಂಕ್ ತಿರುವೂ ಇದ್ದಕ್ಕಿದ್ದಂತೆ ಬಂದದ್ದಲ್ಲ. 2006ರ 'ದ ಕಲ್ಟ್ ಈಸ್ ಅಲೈವ್' ಎಲ್ಲರ ಗಮನ ಸೆಳೆದರೂ, ಸ್ವಿಟ್ಜರ್ಲೆಂಡಿನ ಹಳೆಯ ಬ್ಯಾಂಡ್ ಸೆಲ್ಟಿಕ್ ಫ್ರಾಸ್ಟನ್ನು ನೆನಪಿಸುವ ಒರಟು, ನಿಧಾನದ ರಿಫ್‌ಗಳು 1995ರ 'ಪಾಂಜರ್‌ಫೌಸ್ಟ್'ನಲ್ಲೇ ಇವೆ.

ದಂತಕಥೆಗಳನ್ನು ಕಾರಣದ ಕಾಲಂನಲ್ಲಿ ಬರೆಯಬೇಡಿ. ನಾರ್ವೆಯ ಉಲ್ವರ್ ಬ್ಯಾಂಡಿನ 1997ರ 'ನಾಟೆನ್ಸ್ ಮಾಡ್ರಿಗಾಲ್' ಕಾಡಿನಲ್ಲಿ ರೆಕಾರ್ಡ್ ಆದದ್ದು ಎಂಬ ಕಥೆ ಇಂದಿಗೂ ಓಡಾಡುತ್ತದೆ, ಬ್ಯಾಂಡೇ ಅದನ್ನು ಅಲ್ಲಗಳೆದಿದೆ. ಇದೇ ಬ್ಯಾಂಡ್ ಗೆರೆ ನೇರವಾಗಿ ಸಾಗದು ಎಂಬುದಕ್ಕೂ ಸಾಕ್ಷಿ: 1995ರಲ್ಲಿ ಜಾನಪದ ಬೆರೆತ ಬ್ಲ್ಯಾಕ್ ಮೆಟಲ್, 1996ರಲ್ಲಿ ಪೂರ್ತಿ ಅಕೂಸ್ಟಿಕ್, 1997ರಲ್ಲಿ ಕಿವಿ ಸುಡುವ ಒರಟು ಗಿಟಾರ್, 1998ರಲ್ಲಿ ಎಲೆಕ್ಟ್ರಾನಿಕ್. ಇಲ್ಲಿಂದ ಮುಂದಕ್ಕೆ ರಿಫ್, ಬ್ಲಾಸ್ಟ್, ಪಾಮ್ ಮ್ಯೂಟ್ ಕಾಲಂಗಳು ಹೆಚ್ಚುಕಮ್ಮಿ ಖಾಲಿ ಉಳಿಯುತ್ತವೆ. ಹಾಗಾದಾಗ ಹಳೆಯ ಪಟ್ಟಿಯನ್ನು ಅಲ್ಲಿಗೇ ಮುಚ್ಚಿ, ಲಯ, ಸಿಂಥಸೈಜರ್, ಸ್ಯಾಂಪಲ್, ಗಾಯನ ಎಂಬ ಹೊಸ ಕಾಲಂಗಳನ್ನು ಹಾಕಿ ಇನ್ನೊಂದು ಹಾಳೆ ಶುರು ಮಾಡಿ.